‘90 ದಿನದಲ್ಲಿ ಮೆದುಳಿನ ಬಿಳಿ ಕಲೆ ಮಾಯ’: ಆ ಎರಡು ಎಂಆರ್‌ಐ ಚಿತ್ರಗಳು ನಿಜಕ್ಕೂ ಏನು ಹೇಳುತ್ತವೆ?

ಶಹಾಪುರದ ಓದುಗರೊಬ್ಬರು ನಮಗೆ ಒಂದು ಫಾರ್ವರ್ಡ್ ಕಳಿಸಿದ್ದಾರೆ. ಅಕ್ಕಪಕ್ಕ ಎರಡು ಎಂಆರ್‌ಐ ಚಿತ್ರಗಳು. ಎಡಗಡೆಯ ಮೆದುಳಿನಲ್ಲಿ ಐದಾರು ಬಿಳಿ ಕಲೆಗಳು, ಬಲಗಡೆಯದರಲ್ಲಿ ಒಂದೂ ಇಲ್ಲ. ಮೇಲೆ ಕೆಂಪು ಅಕ್ಷರದಲ್ಲಿ ‘ಮೊದಲು’, ‘90 ದಿನಗಳ ನಂತರ’ ಎಂದಿದೆ. ಕೆಳಗಿನ ಒಕ್ಕಣೆ ಹೀಗಿದೆ: ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಇಂಗ್ಲಿಷ್ ಔಷಧಿ ಬೇಡ, ಬೇರಿನ ಕಷಾಯ ಸಾಕು, ಎಂಆರ್‌ಐಯೇ ಸಾಕ್ಷಿ, ಹತ್ತು ಜನರಿಗೆ ಕಳಿಸಿ ಪುಣ್ಯ ಕಟ್ಟಿಕೊಳ್ಳಿ.

ಇಂಥ ಸಂದೇಶಗಳು ನಮಗೆ ದಿನವೂ ಬರುತ್ತವೆ. ಇದನ್ನು ಮಾತ್ರ ಬದಿಗಿಡಲು ಆಗಲಿಲ್ಲ. ಕಾರಣ, ಅದರ ಕೆಳಗೆ ಅವರು ಬರೆದಿದ್ದ ಎರಡು ಸಾಲು: “ಇದು ಖರೆ ಏನ್ರಿ? ನಮ್ಮ ತಂಗಿಗೆ ಇದೇ ಬ್ಯಾನಿ ಅದ. ಇದನ್ನ ನೋಡಿದಾಗಿಂದ ಆಕಿ ಇಂಜೆಕ್ಷನ್ ಬಿಡ್ತೀನಿ ಅಂತ ಕುಂತಾಳ.”

ಅವರಿಗೆ ನಾವು ಅಂದೇ ಕೊಟ್ಟ ಚುಟುಕು ಉತ್ತರ ಇಷ್ಟು: ಚಿತ್ರಗಳು ನಿಜವಾದ ಎಂಆರ್‌ಐಯವೇ ಇರಬಹುದು, ಆದರೆ ಅವು ಹೇಳುತ್ತಿರುವುದು ಒಕ್ಕಣೆಯಲ್ಲಿ ಇರುವುದನ್ನಲ್ಲ. ತಂಗಿಯವರು ತಮ್ಮ ನರರೋಗ ತಜ್ಞರನ್ನು ಕೇಳದೆ ಔಷಧಿ ಬಿಡುವುದು ಬೇಡ. ಉದ್ದನೆಯ ಉತ್ತರ ಕೆಳಗಿದೆ. ನಾವು ವೈದ್ಯರಲ್ಲ. ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟಾಗ ನೋಡುವವರ ತಲೆಯಲ್ಲಿ ಒಂದು ಕತೆ ಹೇಗೆ ಹುಟ್ಟುತ್ತದೆ ಎಂಬುದು ನಾವು ಓದಿದ ವಿಷಯ. ಎಂಆರ್‌ಐ ಕುರಿತ ಭಾಗವನ್ನು ಪ್ರಕಟಿತ ಸಂಶೋಧನೆಗಳಿಂದ ತೆಗೆದುಕೊಂಡಿದ್ದೇವೆ.

ಮೊದಲು ಆ ಎರಡು ಚಿತ್ರಗಳನ್ನೇ ನೋಡೋಣ

ಫೋನನ್ನು ಸ್ವಲ್ಪ ಹತ್ತಿರ ಹಿಡಿಯಿರಿ. ಎಡಗಡೆಯ ಚಿತ್ರದ ನಡುವೆ ಚಿಟ್ಟೆಯ ರೆಕ್ಕೆಯಂಥ ಕಪ್ಪು ಜಾಗವಿದೆ. ಮೆದುಳಿನೊಳಗೆ ನೀರಿನಂಥ ದ್ರವ ತುಂಬಿರುವ ಕೋಣೆ ಅದು. ಬಲಗಡೆಯ ಚಿತ್ರದಲ್ಲಿ ಆ ಚಿಟ್ಟೆಯೇ ಇಲ್ಲ. ಕಷಾಯ ಕುಡಿದರೆ ಕಲೆ ಹೋಗುತ್ತದೆ ಎಂದೇ ಇಟ್ಟುಕೊಳ್ಳೋಣ, ಮೆದುಳಿನ ಕೋಣೆ ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಿಲ್ಲ. ಎಂಆರ್‌ಐ ಯಂತ್ರ ಮೆದುಳನ್ನು ಬ್ರೆಡ್ಡಿನ ಹಾಗೆ ಹೋಳು ಹೋಳಾಗಿ ತೋರಿಸುತ್ತದೆ. ಎಡಗಡೆಯದು ನಡುವಿನ ಹೋಳು, ಬಲಗಡೆಯದು ಅದಕ್ಕಿಂತ ಮೇಲಿನದು, ನೆತ್ತಿಯ ಹತ್ತಿರದ್ದು. ಎಂಎಸ್‌ನ ಕಲೆಗಳು ಹೆಚ್ಚಾಗಿ ಸೇರಿಕೊಳ್ಳುವುದು ಆ ಕೋಣೆಗಳ ಅಂಚಿನಲ್ಲಿ. ಅಲ್ಲಿಂದ ಮೇಲಿನ ಹೋಳನ್ನು ತೋರಿಸಿ ‘ಕಲೆ ಇಲ್ಲ’ ಎನ್ನುವುದು, ಹೊಲದ ಇನ್ನೊಂದು ಮೂಲೆಯ ಫೋಟೊ ತೋರಿಸಿ ‘ಕಸ ಕಿತ್ತಾಯ್ತು’ ಎಂದ ಹಾಗೆ.

ಎರಡನೆಯದು ಬಣ್ಣ. ಒಂದೇ ಯಂತ್ರ, ಒಂದೇ ತಲೆ, ಒಂದೇ ದಿನ, ಆದರೂ ಬೇರೆ ಬೇರೆ ಬಗೆಯ ಚಿತ್ರ ತೆಗೆಯಬಹುದು. ಫ್ಲೇರ್ ಎಂಬ ಬಗೆಯಲ್ಲಿ ಎಂಎಸ್ ಕಲೆಗಳು ಬೆಳ್ಳಗೆ ಎದ್ದು ಕಾಣುತ್ತವೆ. ಟಿ1 ಎಂಬ ಬಗೆಯಲ್ಲಿ ಅವೇ ಕಲೆಗಳು ಸುತ್ತಲಿನ ಭಾಗದೊಂದಿಗೆ ಬೆರೆತು ಕಾಣದೇ ಹೋಗಬಹುದು, ಕೆಲವು ಕಪ್ಪು ಗುಳಿಗಳಂತೆ ಕಾಣುತ್ತವೆ. ಎರಡರಲ್ಲೂ ದ್ರವದ ಜಾಗ ಕಪ್ಪಗೇ ಇರುವುದರಿಂದ ನಮ್ಮಂಥವರಿಗೆ ಎರಡೂ ಒಂದೇ ಬಗೆಯ ಚಿತ್ರ ಎನಿಸುತ್ತದೆ. ಗುರುತಿಸುವ ಒಂದು ಸುಳುಹು ಇದೆ. ಮೆದುಳಿನ ಹೊರ ಅಂಚಿನ ಪದರ ಒಳಭಾಗಕ್ಕಿಂತ ಬೆಳ್ಳಗಿದ್ದರೆ ಫ್ಲೇರ್, ಒಳಭಾಗವೇ ಹೆಚ್ಚು ಬೆಳ್ಳಗಿದ್ದರೆ ಟಿ1. ನಮಗೆ ಬಂದ ಫಾರ್ವರ್ಡ್‌ನಲ್ಲಿ ಎಡಗಡೆಯದು ಫ್ಲೇರ್‌ನಂತೆ, ಬಲಗಡೆಯದು ಟಿ1ನಂತೆ ಕಾಣುತ್ತದೆ. ಮೂಲೆಯಲ್ಲಿ ಸಾಮಾನ್ಯವಾಗಿ ಇರುವ ಹೆಸರು, ದಿನಾಂಕ, ಯಂತ್ರದ ವಿವರ ಎಲ್ಲವನ್ನೂ ಕತ್ತರಿಸಿ ತೆಗೆಯಲಾಗಿದೆ. ಎರಡೂ ಒಂದೇ ವ್ಯಕ್ತಿಯವು ಎನ್ನಲು ಏನೂ ಉಳಿದಿಲ್ಲ.

ಶಹಾಪುರದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ನಿಮ್ಮೂರಿನ ಗುಡ್ಡದಲ್ಲಿ ಬುದ್ಧ ಮಲಗಿದ ಹಾಗೆ ಕಾಣುವುದು ಒಂದು ಕಡೆ ನಿಂತು ನೋಡಿದಾಗ ಮಾತ್ರ. ಸ್ವಲ್ಪ ದೂರ ನಡೆದರೆ ಹಣೆ, ಮೂಗು, ಗದ್ದ ಎಲ್ಲ ಬಿಡಿಬಿಡಿ ಬಂಡೆಗಳಾಗುತ್ತವೆ. ಆಗ ಯಾರೂ ‘ಬುದ್ಧ ಎದ್ದು ಹೋದ’ ಎನ್ನುವುದಿಲ್ಲವಲ್ಲ.

ಚಿತ್ರಗಳು ಪ್ರಾಮಾಣಿಕವಾಗಿದ್ದರೂ ಕಲೆ ಕುಗ್ಗಬಹುದು

ಇದು ಫಾರ್ವರ್ಡ್ ಮಾಡುವವರಿಗೂ ಗೊತ್ತಿರಲಿಕ್ಕಿಲ್ಲ. ಒಂದೇ ವ್ಯಕ್ತಿ, ಒಂದೇ ಯಂತ್ರ, ಒಂದೇ ಹೋಳು, ಒಂದೇ ಬಗೆಯ ಚಿತ್ರ ಇಟ್ಟುಕೊಂಡು, ಯಾವ ಔಷಧಿಯನ್ನೂ ಕೊಡದೆ 90 ದಿನ ಕಾದರೂ ಕೆಲವು ಬಿಳಿ ಕಲೆಗಳು ಕುಗ್ಗುತ್ತವೆ. ಏಕೆ ಎಂದು ತಿಳಿಯಲು ಈ ಕಾಯಿಲೆಯ ನಡೆ ಗೊತ್ತಿರಬೇಕು.

ಹೊಲದ ಪಂಪ್‌ಸೆಟ್‌ಗೆ ಹೋಗುವ ವೈರನ್ನು ನೆನೆಸಿಕೊಳ್ಳಿ. ಒಳಗೆ ತಾಮ್ರದ ತಂತಿ, ಹೊರಗೆ ಪ್ಲಾಸ್ಟಿಕ್ ಹೊದಿಕೆ. ಮೆದುಳು ಮತ್ತು ಬೆನ್ನುಹುರಿಯ ನರತಂತುಗಳಿಗೂ ಇಂಥದೇ ಕೊಬ್ಬಿನ ಹೊದಿಕೆ ಇದೆ, ಹೆಸರು ಮೈಲಿನ್. ಎಂಎಸ್‌ನಲ್ಲಿ ನಮ್ಮ ದೇಹದ ರಕ್ಷಣಾ ಪಡೆಯೇ ದಾರಿ ತಪ್ಪಿ ಈ ಹೊದಿಕೆಯನ್ನು ಕಡಿಯುತ್ತದೆ, ಇಲಿ ವೈರು ಕಡಿದ ಹಾಗೆ. ಕಡಿದ ಜಾಗ ಯಾವುದೋ ಅದರ ಮೇಲೆ ತೊಂದರೆ ಅವಲಂಬಿಸಿರುತ್ತದೆ. ಕಣ್ಣಿನ ನರವಾದರೆ ಒಂದು ಕಣ್ಣು ಮಂಜಾಗಿ ನೋಯುತ್ತದೆ, ಬೆನ್ನುಹುರಿಯಾದರೆ ಕಾಲು ಜೋಮು ಹಿಡಿಯುತ್ತದೆ, ಮೂತ್ರ ತಡೆಯಲಾಗುವುದಿಲ್ಲ. ಹೆಚ್ಚಾಗಿ ಶುರುವಾಗುವುದು 20ರಿಂದ 40 ವರ್ಷದೊಳಗೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು.

ಹೊಸದಾಗಿ ಕಡಿದ ಜಾಗ ಊದಿಕೊಳ್ಳುತ್ತದೆ. ಆ ಬಾವು ಎಂಆರ್‌ಐಯಲ್ಲಿ ದೊಡ್ಡ ಬಿಳಿ ಕಲೆಯಾಗಿ ಕಾಣುತ್ತದೆ. ಕೆಲ ವಾರಗಳಲ್ಲಿ ಬಾವು ಇಳಿದಾಗ ಕಲೆಯೂ ಚಿಕ್ಕದಾಗುತ್ತದೆ. ಗ್ಯಾಡೊಲಿನಿಯಂ ಎಂಬ ಇಂಜೆಕ್ಷನ್ ಕೊಟ್ಟು ತೆಗೆದ ಚಿತ್ರದಲ್ಲಿ ಹೊಸ ಕಲೆ ದೀಪದಂತೆ ಹೊಳೆಯುತ್ತದೆ. ಆ ಹೊಳಪು ಸರಾಸರಿ 3 ವಾರವಷ್ಟೇ ಇರುತ್ತದೆ, 90 ದಿನ ಉಳಿಯುವುದು ಅಪರೂಪ. ರೋಗಿಯ ಅನುಭವವೂ ಇದೇ ಥರ. ಮಂಜಾದ ಕಣ್ಣು ಕೆಲವು ವಾರಗಳಲ್ಲಿ ಸಾಕಷ್ಟು ತಿಳಿಯಾಗುತ್ತದೆ, ಜೋಮು ಇಳಿಯುತ್ತದೆ. ತಿಂಗಳೋ ವರ್ಷವೋ ಬಿಟ್ಟು ಇನ್ನೊಂದು ಜಾಗದಲ್ಲಿ ಮತ್ತೆ ಏಳುತ್ತದೆ.

ಹೀಗೆ ಬಂದು ಹೋಗುವ ಕಾಯಿಲೆಯಲ್ಲಿ, ಇಳಿಯುವ ಹೊತ್ತಿಗೆ ಯಾರು ಏನು ಕೊಟ್ಟಿರುತ್ತಾರೋ ಹೆಸರು ಅವರಿಗೆ ಹೋಗುತ್ತದೆ. ಕಷಾಯ ಕೊಟ್ಟವರಿಗೆ, ತಾಯತ ಕಟ್ಟಿದವರಿಗೆ, ಹರಕೆ ಹೊತ್ತ ಗುಡಿಗೆ. ಇವರೆಲ್ಲ ಮೋಸಗಾರರು ಎಂದು ನಾವು ಹೇಳುತ್ತಿಲ್ಲ. ಅನೇಕರು ಮನಸ್ಸಿನಿಂದ ನಂಬಿಯೇ ಹೇಳುತ್ತಾರೆ, ಕಣ್ಣಾರೆ ನೋಡಿರುತ್ತಾರೆ ಕೂಡ. ತೊಂದರೆ ಬರುವುದು ಮುಂದಿನ ಸಲ ಅದು ಎದ್ದಾಗ. ಅಷ್ಟರಲ್ಲಿ ಎರಡು ವರ್ಷ ಔಷಧಿಯಿಲ್ಲದೆ ಕಳೆದುಹೋಗಿರುತ್ತದೆ.

ಮತ್ತೆ ಮತ್ತೆ ನೋಡಿದಾಗಲೇ ತಿಳಿದದ್ದು

ಎಂಆರ್‌ಐ ಬರುವ ಮೊದಲು ಈ ಕಲೆಗಳನ್ನು ಕಾಣಲು ರೋಗಿ ಸಾಯಬೇಕಿತ್ತು. 1868ರಲ್ಲಿ ಪ್ಯಾರಿಸ್ಸಿನ ಜಾಂ ಮಾರ್ಟಿನ್ ಶಾರ್ಕೊ ಎಂಬ ವೈದ್ಯ ಇದನ್ನು ಪ್ರತ್ಯೇಕ ಕಾಯಿಲೆ ಎಂದು ವಿವರಿಸಿದ್ದು, ಬದುಕಿದ್ದಾಗ ಕಂಡ ಲಕ್ಷಣಗಳನ್ನು ಸತ್ತ ನಂತರ ಮೆದುಳಿನಲ್ಲಿ ಕಂಡ ಕಲೆಗಳ ಜೊತೆ ಹೊಂದಿಸಿ. ನೂರು ವರ್ಷದ ನಂತರ ಸಿಟಿ ಸ್ಕ್ಯಾನ್ ಬಂದರೂ ಈ ಕಲೆಗಳ ಮಟ್ಟಿಗೆ ಅದರ ಕಣ್ಣು ಮಂದವೇ. 1981ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ 10 ಮಂದಿ ಎಂಎಸ್ ರೋಗಿಗಳನ್ನು ಎರಡೂ ಬಗೆಯ ಯಂತ್ರದಲ್ಲಿ ನೋಡಿದರು. ಸಿಟಿಯಲ್ಲಿ ಕಂಡ ಕಲೆ 19. ಆಗಷ್ಟೇ ಹುಟ್ಟಿದ್ದ ಎಂಆರ್‌ಐಯಲ್ಲಿ ಅವೆಲ್ಲ ಕಂಡವು, ಜೊತೆಗೆ ಇನ್ನೂ 112.

ಒಂದು ಸಲ ನೋಡಿದ್ದು ಅಲ್ಲಿಗೆ ಮುಗಿಯಲಿಲ್ಲ. 1980ರ ದಶಕದ ಕೊನೆಗೆ ಕೆನಡಾದ ವ್ಯಾಂಕೂವರ್‌ನಲ್ಲಿ ಹಾಗೂ ಬೇರೆ ಕಡೆಗಳಲ್ಲಿ ಅದೇ ರೋಗಿಗಳನ್ನು ಕೆಲ ವಾರಕ್ಕೊಮ್ಮೆ ಕರೆಸಿ ಸ್ಕ್ಯಾನ್ ಮಾಡತೊಡಗಿದರು. ಆಗ ಕಂಡದ್ದು ಈ ಕಾಯಿಲೆಯ ಬಗ್ಗೆ ಇದ್ದ ತಿಳಿವಳಿಕೆಯನ್ನೇ ತಿರುಗಿಸಿತು. ರೋಗಿ ‘ಆರಾಮ ಇದ್ದೀನಿ’ ಎನ್ನುವ ತಿಂಗಳುಗಳಲ್ಲೂ ಹೊಸ ಕಲೆಗಳು ಏಳುತ್ತಿದ್ದವು, ಹಳೆಯವು ಕುಗ್ಗುತ್ತಿದ್ದವು. ರೋಗಿಗೆ ತಿಳಿಯುವಂಥ ಒಂದು ದಾಳಿ ಆಗುವಷ್ಟರಲ್ಲಿ ಎಂಆರ್‌ಐಯಲ್ಲಿ ಐದರಿಂದ ಹತ್ತು ಹೊಸ ಕಲೆಗಳು ಬಂದಿರಬಹುದು ಎಂದು ಈಗ ಲೆಕ್ಕ ಹಾಕುತ್ತಾರೆ. ಮೆದುಳಿನ ಎಲ್ಲ ಜಾಗವೂ ಪೆಟ್ಟು ಬಿದ್ದ ಕೂಡಲೇ ಕೂಗುವುದಿಲ್ಲ. ಕಣ್ಣಿನ ನರ ಕೂಗುತ್ತದೆ, ಹಲವು ಜಾಗಗಳು ಸುಮ್ಮನಿರುತ್ತವೆ.

ಓದುಗರ ತಂಗಿಗೆ ನಾವು ಹೇಳಬೇಕಾದ ಮುಖ್ಯ ಮಾತು ಇದೇ. ‘ನನಗೆ ಈಗ ಏನೂ ಇಲ್ಲ, ಮತ್ತೇಕೆ ಇಂಜೆಕ್ಷನ್?’ ಎಂಬ ಪ್ರಶ್ನೆ ತಪ್ಪಲ್ಲ. ಅದಕ್ಕೆ ಉತ್ತರ ಮೈಯಲ್ಲಿ ಸಿಗುವುದಿಲ್ಲ, ಹೋದ ವರ್ಷದ ಸ್ಕ್ಯಾನನ್ನೂ ಈ ವರ್ಷದ ಸ್ಕ್ಯಾನನ್ನೂ ಪಕ್ಕಪಕ್ಕ ಇಟ್ಟಾಗ ಸಿಗುತ್ತದೆ. ಔಷಧಿಗಳು ಬಂದದ್ದೂ ಹೀಗೆ ನೋಡುತ್ತಲೇ. 372 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ದಾಳಿಗಳು ಕಡಿಮೆಯಾದವು, ಎಂಆರ್‌ಐ ಕಲೆಗಳೂ ಕಡಿಮೆ ಎದ್ದವು ಎಂದು ಕಂಡ ಮೇಲೆ, 1993ರಲ್ಲಿ ಇಂಟರ್‌ಫೆರಾನ್ ಬೀಟಾ ಎಂಬ ಇಂಜೆಕ್ಷನ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅಲ್ಲಿಂದೀಚೆಗೆ ಇನ್ನೂ ಬಲವಾದ ಔಷಧಿಗಳು ಬಂದಿವೆ. ಯಾವುದೂ ಕಾಯಿಲೆಯನ್ನು ಬೇರುಸಹಿತ ಕೀಳುವುದಿಲ್ಲ. ಹೊಸ ಪೆಟ್ಟು ಬೀಳುವುದನ್ನು ತಗ್ಗಿಸುತ್ತವೆ, ಅಷ್ಟೇ. ಆ ‘ಅಷ್ಟೇ’ಯಲ್ಲಿ ಇಪ್ಪತ್ತು ವರ್ಷ ಸ್ವಂತ ಕಾಲಿನ ಮೇಲೆ ನಡೆಯುವ ಸಾಧ್ಯತೆ ಇದೆ.

ಲಂಡನ್ನಿನ ಇನ್ನೊಂದು ಅಧ್ಯಯನ ಇಪ್ಪತ್ತು ವರ್ಷ ನಡೆಯಿತು. ಕಣ್ಣು ಮಂಜಾಗುವಂಥ ಮೊದಲ ದಾಳಿಯಷ್ಟೇ ಆಗಿದ್ದ 107 ಜನರನ್ನು ಹಿಂಬಾಲಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊದಲ ದಿನದ ಎಂಆರ್‌ಐಯಲ್ಲಿ ಕಲೆ ಇದ್ದವರ ಪೈಕಿ 82% ಜನರಿಗೆ ಮುಂದೆ ಎಂಎಸ್ ಖಚಿತವಾಯಿತು. ಕಲೆ ಇಲ್ಲದವರಲ್ಲಿ ಖಚಿತವಾದದ್ದು 21%.

ಹಾಗಾದರೆ ಕಲೆ ಎಷ್ಟಿವೆ ಎಂದು ಎಣಿಸುತ್ತ ಕೂರಬೇಕೇ? ಬೇಡ. ಮೂವತ್ತು ಕಲೆಯಿದ್ದೂ ಶಾಲೆಗೆ ಹೋಗಿ ಪಾಠ ಮಾಡುವವರು ಇರುತ್ತಾರೆ, ಬೆನ್ನುಹುರಿಯಲ್ಲಿ ಒಂದೇ ಕಲೆಯಿಂದ ಗಾಲಿಕುರ್ಚಿ ಹಿಡಿದವರೂ ಇರುತ್ತಾರೆ. ಕಲೆ ಎಲ್ಲಿದೆ, ಒಳಗಿನ ತಂತಿಯೂ ತುಂಡಾಗಿದೆಯೇ, ಮೆದುಳು ಆ ನಷ್ಟವನ್ನು ಬೇರೆ ದಾರಿಯಿಂದ ತುಂಬಿಕೊಂಡಿದೆಯೇ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ಸ್ಕ್ಯಾನ್‌ನ ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದು ಮನೆಮಂದಿಯೆಲ್ಲ ಎಣಿಸುವುದರಿಂದ ಭಯ ಬಿಟ್ಟರೆ ಬೇರೇನೂ ಸಿಗದು.

ಬಿಳಿ ಕಲೆ ಎಂದರೆ ಎಂಎಸ್ಸೇ?

ಇದರದೂ ಒಂದು ಫಾರ್ವರ್ಡ್ ಇದೆ: ‘ಎಂಆರ್‌ಐಯಲ್ಲಿ ಬಿಳಿ ಚುಕ್ಕೆ ಕಂಡರೆ ಮೆದುಳು ಕರಗುತ್ತಿದೆ ಎಂದರ್ಥ’. ಸುಳ್ಳು. ಐವತ್ತು ದಾಟಿದ ಅನೇಕರ ಮೆದುಳಿನಲ್ಲಿ ಬಿಳಿ ಚುಕ್ಕೆಗಳಿರುತ್ತವೆ, ಬಿಪಿ ಶುಗರ್ ಇದ್ದರೆ ಇನ್ನೂ ಹೆಚ್ಚು. ಅರೆತಲೆನೋವು ಇರುವವರಲ್ಲೂ ಕಾಣುತ್ತವೆ. ಎಂಎಸ್ ಎನ್ನಲು ಚುಕ್ಕೆಗಳು ನಿರ್ದಿಷ್ಟ ಜಾಗಗಳಲ್ಲಿರಬೇಕು. ಬೇರೆ ಬೇರೆ ಕಾಲದಲ್ಲಿ ಎದ್ದಿವೆ ಎಂದು ತೋರಿಸುವುದೂ ಬಹುಕಾಲ ಮುಖ್ಯ ನಿಯಮವಾಗಿತ್ತು. 2001ರಲ್ಲಿ ಇಯಾನ್ ಮೆಕ್‌ಡೊನಾಲ್ಡ್ ಎಂಬ ನರರೋಗ ತಜ್ಞರ ನೇತೃತ್ವದ ಸಮಿತಿ ಈ ನಿಯಮಗಳಲ್ಲಿ ಎಂಆರ್‌ಐಗೆ ಗಟ್ಟಿ ಸ್ಥಾನ ಕೊಟ್ಟಿತು. ಆಮೇಲೆ ಹಲವು ಸಲ ತಿದ್ದಿದ್ದಾರೆ. 2024ರ ತಿದ್ದುಪಡಿಯಲ್ಲಿ ಕಣ್ಣಿನ ನರವನ್ನೂ ಆ ಜಾಗಗಳ ಪಟ್ಟಿಗೆ ಸೇರಿಸಿದ್ದಾರೆ. ಕಲೆಯ ನಡುವೆ ಸಣ್ಣ ರಕ್ತನಾಳ ಕಾಣುತ್ತದೆಯೇ ಎಂಬುದೂ ಈಗ ಒಂದು ಸುಳುಹು.

ನಮ್ಮ ದೇಶದಲ್ಲಿ ಇನ್ನೊಂದು ತೊಡಕು ಇದೆ. ಎಂಎಸ್‌ನಂತೆಯೇ ಕಾಣುವ, ಆದರೆ ಬೇರೆಯೇ ಆದ ಕಾಯಿಲೆ ಎನ್‌ಎಂಒ. ಕಣ್ಣಿನ ನರಕ್ಕೂ ಬೆನ್ನುಹುರಿಗೂ ಜೋರಾಗಿ ಹೊಡೆಯುತ್ತದೆ. ಬೆನ್ನುಹುರಿಯ ಎಂಆರ್‌ಐಯಲ್ಲಿ ಮೂರು ಅಥವಾ ಹೆಚ್ಚು ಬೆನ್ನುಮೂಳೆಗಳಷ್ಟು ಉದ್ದದ ಕಲೆ ಕಂಡರೆ ವೈದ್ಯರು ಇದನ್ನು ಶಂಕಿಸುತ್ತಾರೆ. 2004ರಿಂದ ಇದಕ್ಕೆ ರಕ್ತಪರೀಕ್ಷೆಯೂ ಇದೆ. ಇಂಟರ್‌ಫೆರಾನ್ ಸೇರಿದಂತೆ ಎಂಎಸ್‌ನ ಕೆಲವು ಔಷಧಿಗಳು ಎನ್‌ಎಂಒ ಅನ್ನು ಉಲ್ಬಣಗೊಳಿಸಬಹುದು. ಹಾಗಾಗಿ ‘ಪಕ್ಕದ ಮನೆಯ ಹುಡುಗಿಗೂ ಇದೇ ಬ್ಯಾನಿ’ ಎಂದು ಅವಳ ಔಷಧಿ ಚೀಟಿಯ ಫೋಟೊ ಕಳಿಸುವುದು, ಕಷಾಯದ ಫಾರ್ವರ್ಡ್‌ಗಿಂತಲೂ ಅಪಾಯದ ಕೆಲಸ.

ಮಂಗಳೂರಿನ ಲೆಕ್ಕ, ಯಾದಗಿರಿಯ ಬಿಸಿಲು

‘ಎಂಎಸ್ ಬಿಳಿಯರ ಕಾಯಿಲೆ, ಬಿಸಿಲಿನ ನಾಡಿಗೆ ಬರುವುದಿಲ್ಲ’ ಎಂಬ ಮಾತು ವೈದ್ಯರ ನಡುವೆಯೇ ಬಹುಕಾಲ ಇತ್ತು. ಸಮಭಾಜಕ ವೃತ್ತದಿಂದ ದೂರ ಹೋದಂತೆ ಇದು ಹೆಚ್ಚು ಎಂಬುದು ನಿಜ. ಇಲ್ಲಿಗೆ ಬರುವುದೇ ಇಲ್ಲ ಎಂಬುದು ನಿಜವಲ್ಲ. ಮಂಗಳೂರಿನ ಕೆ.ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯ ನರರೋಗ ತಜ್ಞೆ ಡಾ. ಲೇಖಾ ಪಂಡಿತ್ ಮತ್ತು ಅವರ ತಂಡ ಇಂಥ ಕಾಯಿಲೆಗಳ ರೋಗಿಗಳ ದಾಖಲೆ ಇಟ್ಟು ವರ್ಷಗಟ್ಟಲೆ ಹಿಂಬಾಲಿಸುತ್ತ ಬಂದಿದೆ. 2014ರಲ್ಲಿ ಪ್ರಕಟವಾದ ಅವರ ಸಮೀಕ್ಷೆಯ ಪ್ರಕಾರ ಮಂಗಳೂರು ನಗರದಲ್ಲಿ ಲಕ್ಷಕ್ಕೆ ಸುಮಾರು 8 ಮಂದಿಗೆ ಎಂಎಸ್ ಇತ್ತು. ಎನ್‌ಎಂಒ ಅದಕ್ಕಿಂತ ಕಡಿಮೆ.

ಅದೇ ಪ್ರಮಾಣ ಯಾದಗಿರಿಯಲ್ಲೂ ಇದೆ ಎಂದುಕೊಂಡರೆ, 2011ರ ಜನಗಣತಿಯ ಸುಮಾರು 11.7 ಲಕ್ಷ ಜನಸಂಖ್ಯೆಗೆ ಜಿಲ್ಲೆಯಲ್ಲಿ ತೊಂಬತ್ತು ಮಂದಿಯಾದರೂ ಆಗುತ್ತಾರೆ. ಇದು ನಾವು ಕೂತು ಮಾಡಿದ ಗುಣಾಕಾರ, ಸಮೀಕ್ಷೆಯಲ್ಲ. ಕರಾವಳಿಯ ಪಟ್ಟಣದ ಲೆಕ್ಕ ಇಲ್ಲಿಗೆ ಹಾಗೇ ಹೊಂದದೆ ಇರಬಹುದು. ಆದರೂ ಯಾದಗಿರಿ, ಶಹಾಪುರ, ಸುರಪುರದ ಹಳ್ಳಿಗಳಲ್ಲಿ ‘ಗಾಳಿ ಸೋಕ್ಯಾದ’, ‘ನರ ಎಳದಾವ’ ಎಂದು ಸುಮ್ಮನೆ ಕೂತವರ ನಡುವೆ ಇಂಥವರೂ ಇರಬಹುದು ಎನ್ನಲು ಅಷ್ಟು ಸಾಕು.

ಇಲ್ಲಿಯ ಬಿಸಿಲಿಗೂ ಈ ಕಾಯಿಲೆಗೂ ಒಂದು ವಿಚಿತ್ರ ನಂಟಿದೆ. 1890ರಲ್ಲಿ ವಿಲ್‌ಹೆಲ್ಮ್ ಊಟ್‌ಹಾಫ್ ಎಂಬ ಜರ್ಮನ್ ಕಣ್ಣಿನ ವೈದ್ಯರು, ಕೆಲವು ರೋಗಿಗಳಿಗೆ ಮೈ ದಣಿದಾಗ ಕಣ್ಣು ಮಂಜಾಗಿ, ವಿಶ್ರಾಂತಿ ಪಡೆದರೆ ಮತ್ತೆ ತಿಳಿಯಾಗುವುದನ್ನು ಬರೆದಿಟ್ಟರು. ಮೂಲದಲ್ಲಿರುವುದು ಮೈಯ ಶಾಖ ಎಂಬುದು ಆಮೇಲೆ ತಿಳಿಯಿತು. ಹೊದಿಕೆ ಹೋದ ನರದಲ್ಲಿ ಮೈಯ ಶಾಖ ಅರ್ಧ ಡಿಗ್ರಿ ಏರಿದರೂ ಸಂದೇಶ ಸಾಗದೆ ನಿಲ್ಲಬಹುದು. ಎಂಆರ್‌ಐ ಇಲ್ಲದ ಕಾಲದಲ್ಲಿ ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ ಲಕ್ಷಣ ಹೆಚ್ಚುತ್ತದೆಯೇ ಎಂದು ನೋಡುವುದೇ ಒಂದು ಪರೀಕ್ಷೆಯಾಗಿತ್ತು!

ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಕಡೆ ಆ ತೊಟ್ಟಿ ಬೇಕಿಲ್ಲ. ಮಧ್ಯಾಹ್ನ ಹತ್ತಿ ಹೊಲದಿಂದ ಬಂದಾಗ, ತಗಡಿನ ಮನೆಯಲ್ಲಿ ರೊಟ್ಟಿ ಬಡಿದು ಎದ್ದಾಗ, ಜ್ವರ ಬಂದಾಗ, ಮೂತ್ರದ ಸೋಂಕಾದಾಗ ಹಳೆಯ ಲಕ್ಷಣವೇ ತಿರುಗಿ ಬಂದಂತಾಗುತ್ತದೆ. ಮೈ ತಣ್ಣಗಾದರೆ ಹೋಗುತ್ತದೆ. ಆಗ ಎಂಆರ್‌ಐಯಲ್ಲಿ ಹೊಸ ಕಲೆ ಇರುವುದಿಲ್ಲ. ಇದು ಹೊಸ ದಾಳಿಯಲ್ಲ, ಔಷಧಿ ಸೋತಿದೆ ಎಂದೂ ಅಲ್ಲ. ಜ್ವರ, ಸೋಂಕು ಇಲ್ಲದೆ 24 ತಾಸಿಗೂ ಹೆಚ್ಚು ಹೊತ್ತು ಲಕ್ಷಣ ಉಳಿದರೆ ಅದು ನಿಜವಾದ ದಾಳಿ ಇರಬಹುದು, ವೈದ್ಯರಿಗೆ ತಿಳಿಸಬೇಕು. ಬೇಸಿಗೆಯಲ್ಲಿ ‘ಇಂಜೆಕ್ಷನ್ ತಗೊಂಡ್ರೂ ಕಣ್ಣು ಮಂಜಾತು, ಇನ್ಯಾಕ ಬೇಕು’ ಎಂದು ಬಿಡುವುದಕ್ಕೂ, ದೀಪಾವಳಿ ಹೊತ್ತಿಗೆ ‘ಕಷಾಯದಿಂದ ಆರಾಮ ಆತು’ ಎನ್ನುವುದಕ್ಕೂ ಹವಾಮಾನ ಒಂದು ಕಾರಣವಾಗಿರಬಹುದು ಎಂದು ನಮ್ಮ ಅನುಮಾನ.

ಸ್ಕ್ಯಾನ್‌ಗೆ ಹೊರಡುವ ಮೊದಲು

ಸುರಪುರಕ್ಕೂ ಶಹಾಪುರಕ್ಕೂ ರೈಲಿಲ್ಲ. ನರರೋಗ ತಜ್ಞರನ್ನು ಕಾಣಲು ಬಸ್ ಹಿಡಿದು ಕಲಬುರಗಿಗೋ ರಾಯಚೂರಿಗೋ ಹೋಗಬೇಕು, ಇಲ್ಲವೇ ಯಾದಗಿರಿಗೆ ಬಂದು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ನಿಮ್ಹಾನ್ಸ್‌ಗೆ. ಕೆಲವರು ಸೊಲ್ಲಾಪುರ, ಹೈದರಾಬಾದ್ ಕಡೆ ಹೋಗುತ್ತಾರೆ. ಹೀಗೆ ಊರೂರು ಬದಲಾದಾಗ ಯಂತ್ರವೂ ಬದಲಾಗುತ್ತದೆ. ವರ್ಷದಿಂದ ವರ್ಷಕ್ಕೆ ಹೋಲಿಸುವ ಕೆಲಸಕ್ಕೆ ಇದೇ ದೊಡ್ಡ ಅಡ್ಡಿ. ಒಂದು ಯಂತ್ರ ದಪ್ಪ ಹೋಳು ಕೊಯ್ದಿದ್ದರೆ ಸಣ್ಣ ಕಲೆ ಕಂಡಿರುವುದೇ ಇಲ್ಲ. ಮುಂದಿನ ವರ್ಷ ತೆಳು ಹೋಳು ಕೊಯ್ಯುವ ಯಂತ್ರದಲ್ಲಿ ಅದು ‘ಹೊಸ ಕಲೆ’ಯಾಗಿ ಕಾಣುತ್ತದೆ. ಆದ್ದರಿಂದ ಸಾಧ್ಯವಾದರೆ ಪ್ರತಿ ಸಲವೂ ಒಂದೇ ಕೇಂದ್ರ, ಒಂದೇ ಯಂತ್ರ, ಒಂದೇ ವಿಧಾನ ಇರಲಿ ಎಂದು 2021ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಔಷಧಿ ಶುರುವಾದ ಮೂರರಿಂದ ಆರು ತಿಂಗಳಿಗೆ ಒಂದು ಸ್ಕ್ಯಾನ್ ತೆಗೆದು ಅದನ್ನೇ ಹೊಸ ಅಳತೆಗಲ್ಲಾಗಿ ಇಟ್ಟುಕೊಂಡು, ನಂತರ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ನೋಡುವುದು ರೂಢಿ. ನಿಮಗೆ ಯಾವಾಗ ಬೇಕೆಂದು ನಿಮ್ಮ ವೈದ್ಯರು ಹೇಳಬೇಕು.

ಫಿಲ್ಮ್ ಒಂದನ್ನೇ ಅಲ್ಲ, ಸಿಡಿಯನ್ನೂ ಕೇಳಿ ಪಡೆಯಿರಿ. ಫಿಲ್ಮ್‌ನಲ್ಲಿ ಆಯ್ದ ಹೋಳುಗಳಿರುತ್ತವೆ, ಸಿಡಿಯಲ್ಲಿ ಎಲ್ಲವೂ ಇರುತ್ತದೆ. ಕೆಲವು ಬಗೆಯ ಫಿಲ್ಮ್ ಶಾಖಕ್ಕೆ ಕಪ್ಪಾಗುತ್ತದೆ. ತಗಡಿನ ಕೆಳಗೆ, ಕಾರಿನ ಗಾಜಿನ ಹತ್ತಿರ ಇಡಬೇಡಿ. ಮಡಚಿ ಗಾದಿ ಕೆಳಗೆ ಇಡುವ ಅಭ್ಯಾಸ ನಮ್ಮ ಮನೆಗಳಲ್ಲೂ ಇದೆ, ಅದನ್ನೂ ಬಿಡೋಣ. ಎರಡು ವರ್ಷ ಹಳೆಯ ಸಿಡಿ ಕೈಯಲ್ಲಿದ್ದರೆ ವೈದ್ಯರಿಗೆ ಅದು ನಿಮ್ಮ ಮಾತಿಗಿಂತ ಹೆಚ್ಚು ಹೇಳುತ್ತದೆ.

ಇನ್ನು ನೀರು. ಮೆದುಳು ಎಷ್ಟು ಸವೆಯುತ್ತಿದೆ ಎಂದೂ ಎಂಆರ್‌ಐಯಿಂದ ಅಳೆಯುತ್ತಾರೆ. ಆರೋಗ್ಯವಂತ ವಯಸ್ಕರಲ್ಲಿ ವರ್ಷಕ್ಕೆ 0.1ರಿಂದ 0.3%, ಚಿಕಿತ್ಸೆ ಇಲ್ಲದ ಎಂಎಸ್‌ನಲ್ಲಿ 0.5ರಿಂದ 1.3%ವರೆಗೆ ಕುಗ್ಗುತ್ತದೆ. ಇಷ್ಟು ಸೂಕ್ಷ್ಮ ಅಳತೆ ಎಷ್ಟು ಸುಲಭವಾಗಿ ಕೆಡುತ್ತದೆ ನೋಡಿ: 2005ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಅಧ್ಯಯನದಲ್ಲಿ ಆರೋಗ್ಯವಂತರನ್ನು 16 ತಾಸು ನೀರು ಕುಡಿಯದಂತೆ ಇರಿಸಿದಾಗ ಮೆದುಳಿನ ಗಾತ್ರ ಸುಮಾರು 0.55% ಕಡಿಮೆ ಕಂಡಿತು. ನೀರು ಕುಡಿದ ಮೇಲೆ ಮತ್ತೆ ತುಂಬಿಕೊಂಡಿತು. ಒಂದು ವರ್ಷದ ಕಾಯಿಲೆಯಷ್ಟು ವ್ಯತ್ಯಾಸ ಒಂದು ದಿನದ ಬಾಯಾರಿಕೆಯಿಂದ! ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲವೆಂದು ರಾತ್ರಿಯಿಡೀ ನೀರು ಮುಟ್ಟದೆ ಪ್ರಯಾಣ ಮಾಡುವ ಹೆಂಗಸರು ನಮ್ಮಲ್ಲಿ ಎಷ್ಟು ಜನ ಎಂದು ಯೋಚಿಸಿ. ಆಸ್ಪತ್ರೆಯವರು ಉಪವಾಸ ಇರಲು ಹೇಳದಿದ್ದರೆ ನೀರು ಕುಡಿದೇ ಹೋಗಿ.

ಎಂಆರ್‌ಐಯಿಂದ ಕ್ಯಾನ್ಸರ್ ಬರುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಎಕ್ಸ್‌ರೇ, ಸಿಟಿಯಲ್ಲಿರುವಂಥ ವಿಕಿರಣ ಇದರಲ್ಲಿಲ್ಲ. ಇರುವುದು ಬಲವಾದ ಅಯಸ್ಕಾಂತ ಮತ್ತು ರೇಡಿಯೋ ಅಲೆಗಳು. ಅಪಾಯ ಇರುವುದು ಕಬ್ಬಿಣದಲ್ಲಿ. 2018ರ ಜನವರಿಯಲ್ಲಿ ಮುಂಬೈನ ಆಸ್ಪತ್ರೆಯೊಂದರಲ್ಲಿ ಆಕ್ಸಿಜನ್ ಸಿಲಿಂಡರ್ ಹಿಡಿದು ಎಂಆರ್‌ಐ ಕೋಣೆಗೆ ಹೋದ ರೋಗಿಯ ಸಂಬಂಧಿಯೊಬ್ಬರನ್ನು ಯಂತ್ರ ಸಿಲಿಂಡರ್ ಸಮೇತ ಎಳೆದುಕೊಂಡು ಅವರು ಪ್ರಾಣ ಕಳೆದುಕೊಂಡರು. ಚಿತ್ರ ತೆಗೆಯದಿದ್ದಾಗಲೂ ಅಯಸ್ಕಾಂತ ಚಾಲೂ ಇರುತ್ತದೆ. ತಾಳಿ, ಕಾಲುಂಗುರ, ಹೇರ್‌ಪಿನ್, ಉಡದಾರಕ್ಕೆ ಕಟ್ಟಿದ ತಾಯತ ಎಲ್ಲವನ್ನೂ ತೆಗೆಯಲು ಹೇಳುತ್ತಾರೆ. ತಾಳಿ ತೆಗೆಯಲು ಮನಸ್ಸು ಒಪ್ಪದಿದ್ದರೆ ಅರಿಸಿನದ ದಾರ ಕಟ್ಟಿಕೊಂಡು ಹೋಗುವವರಿದ್ದಾರೆ, ಅದಕ್ಕೆ ಯಂತ್ರದ ತಕರಾರಿಲ್ಲ. ದೇಹದೊಳಗೆ ಪೇಸ್‌ಮೇಕರ್, ಕ್ಲಿಪ್, ರಾಡ್ ಇದ್ದರೆ ಮೊದಲೇ ಹೇಳಬೇಕು.

ಗ್ಯಾಡೊಲಿನಿಯಂ ಬಗ್ಗೆ ಹರಿದಾಡುವ ಭಯದಲ್ಲಿ ಸ್ವಲ್ಪ ಸತ್ಯವಿದೆ. ಪದೇ ಪದೇ ಕೊಟ್ಟಾಗ ಅದರ ಅಂಶ ಮೆದುಳಿನಲ್ಲಿ ಉಳಿಯುತ್ತದೆ ಎಂದು 2014ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಅದರಿಂದ ಮೆದುಳಿಗೆ ಹಾನಿ ಎಂದು ಸಾಬೀತಾಗಿಲ್ಲ. ಆದರೂ ಯುರೋಪಿನಲ್ಲಿ 2017ರಲ್ಲಿ ಕೆಲವು ಬಗೆಗಳನ್ನು ನಿಲ್ಲಿಸಿದರು. ವಾರ್ಷಿಕ ಸ್ಕ್ಯಾನ್‌ಗೆ ಈಗ ಅಗತ್ಯವಿದ್ದರೆ ಮಾತ್ರ ಕೊಡಿ ಎನ್ನುತ್ತಾರೆ. ಕಿಡ್ನಿ ತೊಂದರೆ ಇದ್ದರೆ, ಗರ್ಭಿಣಿಯಾಗಿದ್ದರೆ ಮೊದಲೇ ಹೇಳಿ.

ಇನ್ನೊಂದು ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಎಂಎಸ್ ಕೂಡ ಇದೆ. ಕೈಕಾಲು ನೆಟ್ಟಗಿದೆಯಲ್ಲ ಎಂದು ಯಾರಾದರೂ ವಾಪಸ್ ಕಳಿಸಿದರೆ ಕಾಯ್ದೆಯ ಹೆಸರು ಹೇಳಿ, ಯುಡಿಐಡಿ ಕಾರ್ಡ್‌ಗೆ ಅರ್ಜಿ ಹಾಕಿ.

ಈ ಬರಹದ ಕರಡನ್ನು ಶಹಾಪುರದ ಆ ಓದುಗರಿಗೆ ಮೊದಲೇ ಕಳಿಸಿದ್ದೆವು. ಎರಡು ದಿನ ಬಿಟ್ಟು ಉತ್ತರ ಬಂತು. ತಂಗಿ ಇಂಜೆಕ್ಷನ್ ಬಿಟ್ಟಿಲ್ಲ, ಆದರೆ ಇನ್ನೂ ಪೂರ್ತಿ ಒಪ್ಪಿಯೂ ಇಲ್ಲ, ಡಾಕ್ಟರನ್ನೇ ಕೇಳುತ್ತಾಳಂತೆ. “ಆ ಎರಡು ಫೋಟೊದಾಗ ಚಿಟ್ಟಿ ಇಲ್ಲದ್ದು ಆಕೀನೇ ಮೊದಲು ಕಂಡುಹಿಡದ್ಲು ನೋಡ್ರಿ,” ಎಂದು ಅವರು ಬರೆದಿದ್ದಾರೆ. “ಹಳೇ ಸಿಡಿ ಹುಡುಕಾಕತ್ತೀವಿ. ಒಂದು ಟ್ರಂಕಿನಾಗ ಸಿಕ್ಕದ, ಇನ್ನೊಂದು ಮಕ್ಕಳು ಆಡಾಕ ತಗೊಂಡಾವ.”